ಹಚ್ಚೆ: ಹೆದರಬೇಕಾದಲ್ಲಿ ಹೆದರದ ನಾವು

ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಊರಿನಲ್ಲಿ ಹಚ್ಚೆಯ ಮಾತು ಏಳುವುದು ಎರಡು ಸಂದರ್ಭಗಳಲ್ಲಿ. ಒಂದು, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಹುಡುಗನ ತೋಳಿನ ಮೇಲೆ ಹೊಸ ಚಿತ್ರ ಕಂಡು ಜಗಲಿಯಲ್ಲಿ ಕೂತವರ ಮಾತು ಗಕ್ಕನೆ ನಿಂತಾಗ. ಇನ್ನೊಂದು, ಜಾತ್ರೆಗೆ ಹೋದವರು ಮುಂಗೈ ಮೇಲೆ ಹೆಸರು ಬರೆಸಿಕೊಂಡು ಮನೆಗೆ ಬಂದಾಗ. ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ಪಾಠ. ಸೂಜಿ ಎಲುಬಿಗೆ ತಾಗುತ್ತದೆ, ಸೈನ್ಯಕ್ಕೆ ಸೇರಿಸುವುದಿಲ್ಲ, ಅರಿಸಿನ ಮೆತ್ತಿದರೆ ಸಾಕು, ಬೇಡವಾದರೆ ಲೇಸರಿನಲ್ಲಿ ಅಳಿಸಬಹುದು.

ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವೂ ನಂಬಿದ್ದೆವು. ಕೆಲವನ್ನು ನಂಬಿ ಚರ್ಮ ಸುಟ್ಟುಕೊಂಡದ್ದೂ ಇದೆ. ಒಂದೊಂದನ್ನೇ ಬಿಡಿಸಿ ನೋಡಿದಾಗ ಕಂಡದ್ದು ಇಷ್ಟು: ಹೆದರಬೇಕಿಲ್ಲದ್ದಕ್ಕೆಲ್ಲ ನಾವು ಹೆದರಿದ್ದೇವೆ, ನಿಜವಾಗಿ ಹೆದರಬೇಕಾದ ಕಡೆ ನಿಶ್ಚಿಂತೆಯಿಂದ ಕೈ ಚಾಚಿದ್ದೇವೆ.

ತಪ್ಪು ಕಲ್ಪನೆ 1: ಹಚ್ಚೆ ಪೇಟೆಯಿಂದ ಬಂದ ಹೊಸ ಶೋಕಿ, ಮರ್ಯಾದಸ್ಥರ ಮನೆಯದ್ದಲ್ಲ.

ವಾಸ್ತವ: ಟ್ಯಾಟೂ ಎಂಬ ಹೆಸರು ಹೊಸದು, ಹಚ್ಚೆ ಹೊಸದಲ್ಲ. ಹಚ್ಚೆಯ ಹಳೆಯ ರೂಪ ಪಚ್ಚೆ, ಅಂದರೆ ಹಸಿರು. ಪಾಲು ಹಾಲಾದಂತೆ, ಪೂವು ಹೂವಾದಂತೆ ಪಚ್ಚೆ ಹಚ್ಚೆಯಾಯಿತು. ತೆಲುಗಿನವರು ಇಂದಿಗೂ ಪಚ್ಚಬೊಟ್ಟು ಎನ್ನುತ್ತಾರೆ. ಮರಾಠಿ ಮಾತಾಡುವವರಿಗೆ ಅದು ಗೋಂದಣ. ಯಲ್ಲಾಪುರದ ಕಡೆಯ ಗೌಳಿ ದೊಡ್ಡಿಗಳಲ್ಲಿ ಕೇಳಿದರೆ ಈ ಹೆಸರು ಯಾರಿಗೂ ಹೊಸದಲ್ಲ.

ಹಾಕುವ ಮಸಿ ಕಪ್ಪು, ಹೆಸರು ಮಾತ್ರ ಹಸಿರು ಏಕೆ? ದೀಪದ ಕಾಡಿಗೆ ಚರ್ಮದ ಮೇಲಿದ್ದಾಗ ಕಪ್ಪೇ. ಅದೇ ಕಾಡಿಗೆ ಚರ್ಮದ ಅಡಿಗೆ ಸೇರಿದರೆ, ಮೇಲಿನ ಪದರ ಬೆಳಕನ್ನು ಚದುರಿಸುವುದರಿಂದ ಹಸಿರು ನೀಲಿಯಾಗಿ ಕಾಣುತ್ತದೆ. ಕೆಂಪು ರಕ್ತ ಹರಿಯುವ ನರ ಮುಂಗೈಯಲ್ಲಿ ಹಸಿರಾಗಿ ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ. ಹೆಸರಿಟ್ಟವರು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ.

ಇನ್ನು ಹಳಮೆಯ ಮಾತು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಮೈಮೇಲೆ 61 ಹಚ್ಚೆ ಗುರುತುಗಳನ್ನು ಎಣಿಸಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಅಜ್ಜಿಯ ಎಡಮುಂಗೈಯಲ್ಲಿ ಒಂದು ರಂಗೋಲಿ ಇದೆ: ನಾಲ್ಕು ಚುಕ್ಕಿ, ನಡುವೆ ಒಂದು ಕೂಡುಗೆರೆ. ಅಜ್ಜಿಯನ್ನು ಯಾರೂ ಪುಂಡಿ ಎನ್ನಲಿಲ್ಲ. ಮೊಮ್ಮಗನ ತೋಳಿಗೆ ಬಂದ ಕೂಡಲೇ ಅದೇ ಮಸಿ ಕೆಟ್ಟದ್ದಾಗಿಬಿಡುತ್ತದೆ!

ತಪ್ಪು ಕಲ್ಪನೆ 2: ಹಚ್ಚೆ ಇಲ್ಲದ ಹೆಣ್ಣಿಗೆ ಮೇಲಿನ ಲೋಕದಲ್ಲಿ ಶಿಕ್ಷೆ ತಪ್ಪದು, ಸತ್ತ ಮೇಲೆ ಜೊತೆಗೆ ಬರುವ ಒಡವೆ ಅದೊಂದೇ.

ವಾಸ್ತವ: ಈ ನಂಬಿಕೆಯನ್ನು ನಕ್ಕು ತಳ್ಳಿಹಾಕುವ ಮುನ್ನ ಅದು ಹುಟ್ಟಿದ ಮನೆಯನ್ನು ನೋಡಬೇಕು. ಬಂಗಾರ ಅಡಮಾನಕ್ಕೆ ಹೋಗುತ್ತದೆ, ಬೆಳ್ಳಿ ಸೊಸೆಗೆ ಹೋಗುತ್ತದೆ, ಹೊಲ ಗದ್ದೆ ಗಂಡುಮಕ್ಕಳಿಗೆ ಹೋಗುತ್ತದೆ. ತನ್ನದು ಎನ್ನಲು ಏನೂ ಇಲ್ಲದ ಹೆಂಗಸಿಗೆ, ಯಾರೂ ಕಸಿಯಲಾಗದ ಒಡವೆ ಎಂದರೆ ಸಣ್ಣ ಮಾತಲ್ಲ. ಸಮಾಧಾನವಾಗಿ ಅದಕ್ಕೆ ಬೆಲೆಯಿತ್ತು.

ಆದರೆ ಸಮಾಧಾನ ಬೆದರಿಕೆಯಾದಾಗ ಲೆಕ್ಕ ತಪ್ಪಿತು. ಹಚ್ಚೆಯ ಮಸಿ ಇರುವುದು ಚರ್ಮದಲ್ಲಿ. ಚರ್ಮ ಸುಟ್ಟಾಗ ಅದೂ ಬೂದಿ. ಇದೇ ನಂಬಿಕೆಯ ಬಲದಿಂದ ಏಳೆಂಟು ವರ್ಷದ ಹುಡುಗಿಯರನ್ನು ಹಿಡಿದು ಕೂರಿಸಿ ಚುಚ್ಚಿಸಿದ್ದುಂಟು. ಹಾಕಿಸಿಕೊಂಡವರಿಗೆ ಪುಣ್ಯವಿಲ್ಲ, ಹಾಕಿಸಿಕೊಳ್ಳದವರಿಗೆ ಪಾಪವಿಲ್ಲ. ಬೇಕು ಎಂದವರಿಗೆ ಅದು ಅಲಂಕಾರ, ಅಷ್ಟೇ.

ತಪ್ಪು ಕಲ್ಪನೆ 3: ಸೂಜಿ ಎಲುಬಿನವರೆಗೆ ಇಳಿಯುತ್ತದೆ, ಆ ನೋವು ತಡೆಯಲಾಗದ್ದು. ಇಲ್ಲವೇ, ಈಗಿನ ಮೆಷಿನ್ನಿನಲ್ಲಿ ನೋವೇ ಇಲ್ಲ.

ವಾಸ್ತವ: ಎರಡೂ ಸುಳ್ಳು. ಸೂಜಿ ಇಳಿಯುವುದು ಒಂದರಿಂದ ಎರಡು ಮಿಲಿಮೀಟರ್. ಚರ್ಮದ ಮೇಲ್ಪದರ ಕೆಲವು ವಾರಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಮಸಿ ಅಲ್ಲೇ ನಿಂತರೆ ಅದರ ಜೊತೆಗೇ ಉದುರಿಹೋಗುತ್ತದೆ. ಆದ್ದರಿಂದ ಅದರ ಕೆಳಗಿನ ಒಳಚರ್ಮಕ್ಕೆ ಮುಟ್ಟಿಸಬೇಕು. ಇನ್ನೂ ಆಳಕ್ಕೆ ಹೋದರೆ ಮಸಿ ಹರಡಿ ಗೆರೆ ಒಡೆಯುತ್ತದೆ. ಎಲುಬಿನ ಮಾತೆಲ್ಲಿ ಬಂತು?

ನೋವು ಹೇಗಿರುತ್ತದೆ? ಬಿಸಿಲಿಗೆ ಸುಟ್ಟ ಮೈಗೆ ತುರಚಿ ಸೊಪ್ಪು ಸವರಿದಂತೆ. ಮೆಷಿನ್ನು ಮಳೆಗಾಲದ ಸಂಜೆಯ ಜೀರುಂಡೆಯಂತೆ ಒಂದೇ ಸಮ ಕಿರ್ರೆನ್ನುತ್ತದೆ. ಮೊದಲ ಗೆರೆ ಎಳೆಯುವಾಗ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಐದು ನಿಮಿಷಕ್ಕೆ ಮೈ ಒಗ್ಗಿಕೊಳ್ಳುತ್ತದೆ. ದೇಹ ತನ್ನದೇ ನೋವುನಿವಾರಕವನ್ನು ಸುರಿಸತೊಡಗುತ್ತದೆ. ಗಂಟೆ ದಾಟಿದ ಮೇಲೆ ಆ ದಾಸ್ತಾನು ಮುಗಿದು, ಒಮ್ಮೆ ಎಳೆದ ಜಾಗದಲ್ಲೇ ಮತ್ತೆ ಬಣ್ಣ ತುಂಬುವಾಗ ನಿಜವಾದ ಉರಿ ಶುರುವಾಗುತ್ತದೆ. ತೋಳಿನ ಹೊರಬದಿಯಂಥ ಮಾಂಸವಿರುವ ಜಾಗದಲ್ಲಿ ಕಡಿಮೆ. ಪಕ್ಕೆಲುಬು, ಕಾಲಿನ ಗಿಣ್ಣು, ಮಣಿಕಟ್ಟಿನ ಒಳಬದಿಯಲ್ಲಿ ಹೆಚ್ಚು.

ಹಿಂದೆ ಎರಡು ಮೂರು ಸೂಜಿಗಳನ್ನು ದಾರದಲ್ಲಿ ಬಿಗಿದು, ಸೊಪ್ಪಿನ ರಸದಲ್ಲಿ ಕಲಸಿದ ಮಸಿಗೆ ಅದ್ದಿ, ಕೈಯಲ್ಲೇ ಒಂದೊಂದಾಗಿ ಚುಚ್ಚುತ್ತಿದ್ದರು. ಹಾಕುವ ಕೊರವಂಜಿ ಹಾಡು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಹುಡುಗಿಯ ಗಮನ ಸೂಜಿಯಿಂದ ಹಾಡಿಗೆ ಸರಿದರೆ ನೋವು ಅಷ್ಟು ಇಳಿಯುತ್ತದೆ. ಈಗಿನ ಅಂಗಡಿಯಲ್ಲಿ ಕಿವಿಗೆ ಇಯರ್‌ಫೋನ್ ಕೊಡುತ್ತಾರೆ. ಉಪಾಯ ಅದೇ.

ತಪ್ಪು ಕಲ್ಪನೆ 4: ಹಾಕಿಸಿಕೊಳ್ಳುವಾಗ ತಲೆ ಸುತ್ತಿದವರು, ಅತ್ತವರು ಹೇಡಿಗಳು.

ವಾಸ್ತವ: ಸೂಜಿ ಅಥವಾ ರಕ್ತ ಕಂಡು ಕೆಲವರ ನಾಡಿ ಇಳಿಯುತ್ತದೆ, ರಕ್ತದೊತ್ತಡ ಬೀಳುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ. ಅದು ನರಮಂಡಲದ ಪ್ರತಿಕ್ರಿಯೆ. ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಡಿಕೆ ಮರದ ತುದಿಯಿಂದ ಇನ್ನೊಂದು ಮರಕ್ಕೆ ಜೋಲಿ ಹೊಡೆದು ಹಾರುವ ಕೊನೆಗೌಡನೂ ಸೂಜಿ ಕಂಡು ಕುಸಿಯಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ನಿದ್ದೆಗೆಟ್ಟು ಹೋಗಬಾರದು. ಧೈರ್ಯಕ್ಕೆಂದು ಕುಡಿದು ಹೋಗುವುದಂತೂ ಬೇಡವೇ ಬೇಡ. ಕುಡಿದ ಮೈಯಲ್ಲಿ ತೀರ್ಮಾನ ನಿಲ್ಲುವುದಿಲ್ಲ, ರಕ್ತವೂ ಬೇಗ ನಿಲ್ಲುವುದಿಲ್ಲ.

ಇನ್ನು ಅಳು. ತೀರಿಹೋದ ಅಮ್ಮನ ಹೆಸರು ಬರೆಸಿಕೊಳ್ಳುವವರು ಅಳುವುದು ಸೂಜಿಗಲ್ಲ. ಎಷ್ಟೋ ದಿನ ಗಂಟಲಲ್ಲಿ ನಿಂತಿದ್ದದ್ದು, ನೋವಿನ ನೆಪ ಸಿಕ್ಕಾಗ ಇಳಿಯುತ್ತದೆ. ಹಚ್ಚೆಯಿಂದ ದುಃಖ ವಾಸಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ದುಃಖಕ್ಕೆ ಒಂದು ಜಾಗ ಸಿಗುತ್ತದೆ, ಅಷ್ಟು ನಿಜ. ಆದರೆ ಸಂಕಟ ಹಸಿಯಿರುವಾಗ ಮಾಡಿದ ತೀರ್ಮಾನ ಮರುವರ್ಷ ಬೇರೆಯಾಗಿ ಕಾಣಬಹುದು. ಒಂದು ವರ್ಷ ಕಾಯಿರಿ. ಆಮೇಲೂ ಬೇಕೆನಿಸಿದರೆ ಹಾಕಿಸಿಕೊಳ್ಳಿ.

ತಪ್ಪು ಕಲ್ಪನೆ 5: ಗೇರುಬೀಜದ ಸೊನೆಯಲ್ಲಿ ಬರೆದರೂ ಹಚ್ಚೆಯೇ; ಜಾತ್ರೆಯ ಕಪ್ಪು ಮೆಹಂದಿಯಿಂದಂತೂ ಏನೂ ಆಗದು.

ವಾಸ್ತವ: ಈ ಪಾಠವನ್ನು ನಾವು ಕಲಿತದ್ದು ಮೈಮೇಲೆ. ಬೇಸಿಗೆ ರಜೆಯಲ್ಲಿ ಹಸಿ ಗೇರುಬೀಜ ಒಡೆದು, ಕಡ್ಡಿಯ ತುದಿಗೆ ಸೊನೆ ಹಚ್ಚಿ, ತೋಳಿನ ಮೇಲೆ ಹೆಸರಿನ ಮೊದಲಕ್ಷರ ಬರೆದುಕೊಂಡೆವು. ಸಂಜೆಯವರೆಗೆ ಏನೂ ಇಲ್ಲ. ಮರುದಿನ ಉರಿ, ಮೂರನೆಯ ದಿನ ಗುಳ್ಳೆ. ಒರೆಸಿಕೊಂಡ ಕೈ ತಾಗಿ ಕೆನ್ನೆಯ ಮೇಲೂ ಗುಳ್ಳೆ. ಅಕ್ಷರ ಮೂಡಿತು ನಿಜ. ಹಚ್ಚೆಯಾಗಿ ಅಲ್ಲ, ಸುಟ್ಟ ಗಾಯವಾಗಿ. ಗೇರಿನ ಸಿಪ್ಪೆಯ ಎಣ್ಣೆಯಲ್ಲಿ ಚರ್ಮ ಸುಡುವ ರಾಸಾಯನಿಕಗಳಿವೆ. ಮಾವೂ ಗೇರಿನ ಕುಟುಂಬದ್ದೇ; ಅದಕ್ಕೇ ಮಾವಿನ ಸೊನೆಗೂ ಕೆಲವರ ಬಾಯಂಚು ಸುಡುತ್ತದೆ.

ಮೆಹಂದಿಯದು ಇನ್ನೊಂದು ಕತೆ. ನಿಜವಾದ ಗೋರಂಟಿ ಕೆಂಪಾಗುತ್ತದೆ, ಕಂದಾಗುತ್ತದೆ. ಹತ್ತು ನಿಮಿಷದಲ್ಲಿ ಕಪ್ಪಾಗುವುದಿಲ್ಲ. ಹಾಗೆ ಆದರೆ ಅದರಲ್ಲಿ ತಲೆಗೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕವಾದ ಪಿಪಿಡಿ ಬೆರೆತಿರುವ ಸಾಧ್ಯತೆ ಹೆಚ್ಚು. ಕೆಲವರಿಗೆ ಅದರಿಂದ ಗುಳ್ಳೆಯೇಳುತ್ತದೆ. ಒಮ್ಮೆ ಅಲರ್ಜಿ ಹತ್ತಿಕೊಂಡರೆ ಜೀವನವಿಡೀ ಕೂದಲ ಬಣ್ಣ ಮುಟ್ಟುವಂತಿಲ್ಲ. ಹಚ್ಚೆ ಬೇಡವೆಂದು ಮಕ್ಕಳಿಗೆ ಕಪ್ಪು ಮೆಹಂದಿ ಹಾಕಿಸುವವರು ಇದನ್ನು ತಿಳಿದಿರಬೇಕು.

ತಪ್ಪು ಕಲ್ಪನೆ 6: ಸೂಜಿಯನ್ನು ಡೆಟಾಲಿನಲ್ಲಿ ಅದ್ದಿದರೆ, ದೀಪಕ್ಕೆ ಹಿಡಿದರೆ ಶುದ್ಧ.

ವಾಸ್ತವ: ನಾವು ಹೆದರಬೇಕಾದ ಜಾಗ ಇದು. ಹೆದರದೆ ಕೈ ಚಾಚುವ ಜಾಗವೂ ಇದೇ.

ಯಾವುದೇ ಜಾತ್ರೆಯ ಚಿತ್ರ ನೆನಪಿಸಿಕೊಳ್ಳಿ. ಸ್ಟೂಲಿನ ಮೇಲೊಬ್ಬ, ಬ್ಯಾಟರಿಗೆ ಕಟ್ಟಿದ ಮೆಷಿನ್ನು, ಒಂದು ಮುಚ್ಚಳದಲ್ಲಿ ಮಸಿ, ಒರೆಸಲು ಒಂದೇ ಬಟ್ಟೆ. ಎದುರಿಗೆ ಸಾಲು. ಒಬ್ಬರ ಕೈ ಮುಗಿದರೆ ಸೂಜಿಯನ್ನು ನೀರಿಗೆ ಅದ್ದಿ ಮುಂದಿನವರಿಗೆ. ಕೆಲವರು ಡೆಟಾಲ್ ಬಾಟಲಿ ತೋರಿಸುತ್ತಾರೆ. ನಮಗೂ ಆ ವಾಸನೆಗೇ ಧೈರ್ಯ ಬಂದುಬಿಡುತ್ತದೆ.

ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಒಣಗಿದ ರಕ್ತದಲ್ಲೂ ಏಳು ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿರಬಲ್ಲದು. ಕಣ್ಣಿಗೆ ಕಾಣುವಷ್ಟು ರಕ್ತವೂ ಬೇಕಿಲ್ಲ. ಹೆಪಟೈಟಿಸ್ ಸಿ, ಎಚ್‌ಐವಿ ಕೂಡ ರಕ್ತ ತಾಗಿದ ಸೂಜಿಯಿಂದ ದಾಟಬಲ್ಲವು. ಇವುಗಳಲ್ಲಿ ಬಿ ಒಂದಕ್ಕೆ ಮಾತ್ರ ಲಸಿಕೆಯಿದೆ. ಉಪಕರಣವನ್ನು ಶುದ್ಧಿಗೊಳಿಸಲು ಆಟೋಕ್ಲೇವ್ ಬೇಕು: ಕುಕ್ಕರಿನಂತೆ ಒತ್ತಡದಲ್ಲಿ 121 ಡಿಗ್ರಿ ಹಬೆ, ಕನಿಷ್ಠ 15 ನಿಮಿಷ. ಡೆಟಾಲಿನಲ್ಲಿ ಅದ್ದಿ ತೆಗೆಯುವುದು ಅದಕ್ಕೆ ಸಾಟಿಯಲ್ಲ. ಸೂಜಿಯನ್ನಂತೂ ಶುದ್ಧಿ ಮಾಡುವ ಗೋಜೇ ಬೇಡ. ಒಬ್ಬರಿಗೆ ಒಂದು, ಮುಗಿದ ಮೇಲೆ ಕಸ.

ಸೂಜಿ ಬದಲಿಸಿದರೂ ಮಸಿ ಬದಲಿಸದಿದ್ದರೆ ಪ್ರಯೋಜನವಿಲ್ಲ. ಹಿಂದಿನವರ ರಕ್ತ ತಾಗಿದ ಸೂಜಿ ಅದ್ದಿದ್ದು ಆ ಮುಚ್ಚಳಕ್ಕೇ ತಾನೆ? ಆದ್ದರಿಂದ ನೋಡಬೇಕಾದ್ದು ನಾಲ್ಕು: ಕಣ್ಣೆದುರೇ ಒಡೆದ ಸೂಜಿಯ ಪೊಟ್ಟಣ, ಕಣ್ಣೆದುರೇ ಹೊಸ ಮುಚ್ಚಳಕ್ಕೆ ಸುರಿದ ಮಸಿ, ಹೊಸ ಕೈಗವಸು, ಬಿಸಾಡುವ ಒರಸು ಕಾಗದ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಎದ್ದು ಬರಬೇಕು. ಎದ್ದು ಬರಲು ಸಂಕೋಚವಾಗುತ್ತದೆ, ಗೊತ್ತು. ಸಂಕೋಚ ಒಂದು ಸಂಜೆಯದು, ಸೋಂಕು ಹಾಗಲ್ಲ.

ಮಸಿಯೊಳಗೆ ಏನಿದೆ ಎಂಬುದೂ ಪ್ರಶ್ನೆಯೇ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಪರೀಕ್ಷಿಸಿದ ಹಚ್ಚೆ ಮಸಿಗಳಲ್ಲಿ 22 ಬಗೆಯ ಲೋಹ ಕಂಡುಬಂದಿದ್ದನ್ನು ಹೇಳಿ, ನಿಯಂತ್ರಣಕ್ಕೆ ಕೇಂದ್ರವನ್ನು ಕೋರುವುದಾಗಿ ತಿಳಿಸಿದರು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಇಂಥ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಹಚ್ಚೆ ಹಾಕಿಸಿಕೊಂಡರೆ ಕ್ಯಾನ್ಸರ್ ಖಚಿತ ಎಂಬ ಪುಕಾರು ಇದರಿಂದ ನಿಜವಾಗುವುದಿಲ್ಲ. 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹಚ್ಚೆಗೂ ಲಿಂಫೋಮಾ ಎಂಬ ಕ್ಯಾನ್ಸರಿಗೂ ನಂಟಿರುವ ಸುಳಿವು ಕೊಟ್ಟಿತು. ಇನ್ನಷ್ಟು ಸಂಶೋಧನೆ ಬೇಕೆಂದು ಅದನ್ನು ಮಾಡಿದವರೇ ಹೇಳಿದರು. ಗಾಬರಿ ಬೇಡ. ಆದರೆ ಹೆಸರಿಲ್ಲದ ಬಾಟಲಿಯ ಮಸಿಯೂ ಬೇಡ.

ತಪ್ಪು ಕಲ್ಪನೆ 7: ಅರಿಸಿನ ಮೆತ್ತಿದರೆ ಆಯಿತು, ಮರುದಿನವೇ ತೋಟಕ್ಕಿಳಿಯಬಹುದು.

ವಾಸ್ತವ: ಹೊಸ ಹಚ್ಚೆ ಎಂದರೆ ಚಿತ್ರವಲ್ಲ, ಗಾಯ, ಸಾವಿರಾರು ತೂತುಗಳ ಗಾಯ. ಮೊದಲ ಒಂದೆರಡು ದಿನ ಮಸಿ ಬೆರೆತ ನೀರು ಜಿನುಗುತ್ತದೆ, ಸುತ್ತ ಕೆಂಪಾಗಿ ಬಿಸಿಯಾಗಿರುತ್ತದೆ. ನಾಲ್ಕೈದನೆಯ ದಿನದಿಂದ ಹಾವಿನ ಪೊರೆಯಂತೆ ಸಿಪ್ಪೆ ಏಳುತ್ತದೆ. ಸೂಜಿಯ ನೋವನ್ನು ತಡೆದವರು ಸೋಲುವುದು ಈ ತುರಿಕೆಗೆ. ಕೆರೆದರೆ ಮಸಿ ಕಿತ್ತುಬಂದು ಚಿತ್ರ ಬೋಳಾಗುತ್ತದೆ. ಚಿತ್ರ ಮಂಕಾದಂತೆ ಕಂಡು, ದುಡ್ಡು ಹಾಳಾಯಿತು, ಯಾಕಾದರೂ ಹಾಕಿಸಿಕೊಂಡೆವೋ ಎನಿಸುವುದೂ ಈ ದಿನಗಳಲ್ಲೇ. ಮೇಲ್ಚರ್ಮ ಕೂಡಲು ಎರಡರಿಂದ ನಾಲ್ಕು ವಾರ ಬೇಕು. ಆಮೇಲೆ ಗೆರೆ ತಿಳಿಯಾಗುತ್ತದೆ, ಮನಸ್ಸೂ.

ಕೈ ತೊಳೆದು, ಸೌಮ್ಯ ಸೋಪು ಮತ್ತು ಶುದ್ಧ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಹೇಳಿದ ಮುಲಾಮನ್ನು ತೆಳ್ಳಗೆ ಸವರಿದರೆ ಸಾಕು. ಅಡುಗೆಮನೆಯ ಡಬ್ಬಿಯ ಅರಿಸಿನ ಅಡುಗೆಗೆ ಸರಿ. ಹಸಿ ಗಾಯಕ್ಕೆ ಧೂಳು ಧೂಳೇ. ಧನುರ್ವಾಯು ಚುಚ್ಚುಮದ್ದಿನ ಅವಧಿ ಮೀರಿದೆಯೇ ಎಂದೂ ನೋಡಿಕೊಳ್ಳಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನಲ್ಲಿ ಹಚ್ಚೆ ಬೇಡ. ಮೈಲುತುತ್ತು, ಸುಣ್ಣ ಹಸಿ ಗಾಯಕ್ಕೆ ಬೀಳುತ್ತವೆ. ಮಳೆಗಾಲದಲ್ಲಿ ಬಟ್ಟೆ ಒಣಗದು, ಗಾಯ ಒಣಗದು, ಕಾಲಿಗೆ ಉಂಬಳ ತಪ್ಪದು. ಕೊಯ್ಲು ಬಂದರೆ ಹಸಿ ಅಡಿಕೆಯ ಚೊಗರು ಕೈಗೆ ಹತ್ತುತ್ತದೆ. ಸುಲಿಯುವ ಕೆಲಸ ಮುಗಿದು, ಹೊಳೆಯ ಈಜು ಶುರುವಾಗುವ ಮುನ್ನ ಸಿಗುವ ಬಿಡುವೇ ಸರಿಯಾದ ಮುಹೂರ್ತ. ಪಂಚಾಂಗ ನೋಡಬೇಕಿಲ್ಲ. ಸಕ್ಕರೆ ಕಾಯಿಲೆ ಇರುವವರು, ಗಾಯದ ಕಲೆ ಗಂಟುಕಟ್ಟಿ ಬೆಳೆಯುವ ಮೈಯವರು ಮೊದಲು ವೈದ್ಯರನ್ನು ಕೇಳಬೇಕು. ಬಸುರಿಯರು ಮುಂದೂಡುವುದೇ ಲೇಸು.

ತಪ್ಪು ಕಲ್ಪನೆ 8: ಹಚ್ಚೆ ಇದ್ದರೆ ಸೈನ್ಯಕ್ಕಿಲ್ಲ, ರಕ್ತದಾನಕ್ಕಿಲ್ಲ, ಎಂಆರ್‌ಐಗಿಲ್ಲ.

ವಾಸ್ತವ: ಮೂರೂ ಅರ್ಧಸತ್ಯ. ಸೈನ್ಯದ ಭರ್ತಿಗೆ ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ, ಅಂದರೆ ಮುಂಗೈ ಒಳಭಾಗದಲ್ಲಿ, ಮತ್ತು ಅಂಗೈಯ ಹಿಂಬದಿಯಲ್ಲಿ ಇರುವ ಹಚ್ಚೆಗೆ ಅಡ್ಡಿಯಿಲ್ಲ. ಬೇರೆ ಕಡೆ ಇದ್ದರೆ ಅಡ್ಡಿ. ಸಂಪ್ರದಾಯದಂತೆ ಹಚ್ಚೆ ಹಾಕಿಸುವ ಬುಡಕಟ್ಟುಗಳಿಗೆ ವಿನಾಯಿತಿಯಿದೆ. ಅಗ್ನಿವೀರ ಭರ್ತಿಯ ಕನಸಿರುವ ಹುಡುಗ ಕತ್ತಿನ ಮೇಲೆ ಚೇಳು ಬರೆಸಿಕೊಳ್ಳುವ ಮುನ್ನ ಅಧಿಸೂಚನೆಯನ್ನು ಓದಬೇಕು. ಚೇಳು ಕಾಯುತ್ತದೆ, ವಯೋಮಿತಿ ಕಾಯುವುದಿಲ್ಲ.

ರಕ್ತದಾನಕ್ಕೆ ನಿಷೇಧವಿಲ್ಲ, ವಾಯಿದೆಯಿದೆ: ನಮ್ಮ ದೇಶದ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡು ಒಂದು ವರ್ಷ ಕಾಯಬೇಕು. ಕಾರಣ ಆರನೆಯ ಕಲ್ಪನೆಯಲ್ಲೇ ಹೇಳಿದ ಸೂಜಿ. ಇನ್ನು ಎಂಆರ್‌ಐ. ಕಬ್ಬಿಣದ ಅಂಶವಿರುವ ಮಸಿ ಅಪರೂಪಕ್ಕೆ ಬಿಸಿಯಾಗುವುದುಂಟು. 2019ರಲ್ಲಿ ಪ್ರಕಟವಾದ, ಲಂಡನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಹಚ್ಚೆಯುಳ್ಳ 330 ಜನರನ್ನು ಪರೀಕ್ಷಿಸಿದಾಗ ತೊಂದರೆ ಕಂಡದ್ದು ತೀರ ವಿರಳ, ಕಂಡದ್ದೂ ಸೌಮ್ಯ. ಹಚ್ಚೆಯಿದೆ ಎಂದು ಮೊದಲೇ ಹೇಳಿದರೆ ಸಾಕು.

ತಪ್ಪು ಕಲ್ಪನೆ 9: ನೋವಿರುವ ಕೀಲಿನ ಮೇಲೆ ಹಚ್ಚೆ ಚುಚ್ಚಿದರೆ ವಾತ ಹೋಗುತ್ತದೆ.

ವಾಸ್ತವ: ಆಲ್ಪ್ಸ್‌ನ ಆ ಹಿಮಮಾನವನ ಗುರುತುಗಳೂ ಹೆಚ್ಚಾಗಿ ಸವೆದ ಕೀಲುಗಳ ಹತ್ತಿರವೇ ಇವೆ; ಚಿಕಿತ್ಸೆಗೆಂದು ಚುಚ್ಚಿದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಅಂದರೆ ಆಸೆ ಬಹಳ ಹಳೆಯದು. ಹೊಸ ನೋವು ಹಳೆಯ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ. ಸವೆದ ಮಂಡಿ ಮಸಿಯಿಂದ ಮತ್ತೆ ಬೆಳೆಯುವುದಿಲ್ಲ.

ತಪ್ಪು ಕಲ್ಪನೆ 10: ಬೇಡವಾದರೆ ಲೇಸರಿನಲ್ಲಿ ಸ್ಲೇಟು ಒರೆಸಿದಂತೆ ಒರೆಸಬಹುದು.

ವಾಸ್ತವ: ಮಸಿ ಉಳಿಯುವ ಬಗೆ ತಿಳಿದರೆ ಈ ಭ್ರಮೆ ಹೋಗುತ್ತದೆ. ಚುಚ್ಚಿದ ಕೂಡಲೇ ದೇಹದ ಕಾವಲು ಕೋಶಗಳು ಓಡಿಬಂದು ಮಸಿಯ ಕಣಗಳನ್ನು ನುಂಗುತ್ತವೆ. ಜೀರ್ಣಿಸಿಕೊಳ್ಳಲು ಆಗದೆ ಹೊತ್ತುಕೊಂಡು ಕೂರುತ್ತವೆ. ಒಂದು ಕೋಶ ಸತ್ತರೆ ಪಕ್ಕದ ಹೊಸ ಕೋಶ ಅದೇ ಮೂಟೆಯನ್ನು ಎತ್ತಿಕೊಳ್ಳುತ್ತದೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು 2018ರಲ್ಲಿ ತೋರಿಸಿಕೊಟ್ಟರು. ಹಚ್ಚೆ ಉಳಿಯುವುದು ಮಸಿ ಅಂಟಿಕೊಂಡದ್ದರಿಂದಲ್ಲ, ಕೋಶಗಳು ತಲೆಮಾರಿನಿಂದ ತಲೆಮಾರಿಗೆ ಅದನ್ನು ಹೊರುತ್ತ ಬರುವುದರಿಂದ.

ಲೇಸರ್ ಆ ಕಣಗಳನ್ನು ಒಡೆದು ಪುಡಿ ಮಾಡುತ್ತದೆ. ಸಾಗಿಸುವ ಕೆಲಸ ದೇಹದ್ದೇ. ಒಂದು ಸಲಕ್ಕೆ ಮುಗಿಯುವುದಿಲ್ಲ. ಆರೆಂಟು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಕಪ್ಪು ಬೇಗ ಮಸುಕಾಗುತ್ತದೆ, ಹಸಿರು ಹಳದಿ ಹಟ ಮಾಡುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಬಿಳಿಯ ಅಥವಾ ಕಪ್ಪು ಕಲೆ ಉಳಿಯುವ ಭಯವೂ ಇದೆ. ಹಾಕಿಸಲು ಕೊಟ್ಟದ್ದಕ್ಕಿಂತ ಅಳಿಸಲು ಕೊಡುವುದೇ ಹೆಚ್ಚು. ಐದು ವರ್ಷಕ್ಕೆ ತಾನಾಗಿ ಮಾಯವಾಗುವ ಹಚ್ಚೆ ಎಂದು ಮಾರುವವರನ್ನು ನಂಬಬೇಡಿ. ಒಳಚರ್ಮಕ್ಕೆ ಇಳಿದ ಮಸಿ ಮಂಕಾಗುತ್ತದೆ, ಹೋಗುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾವು ಒಂದು ಹಚ್ಚೆ ಹಾಕಿಸಿಕೊಂಡೆವು. ಪೊಟ್ಟಣ ಎದುರಿಗೇ ಒಡೆಸಿ, ಅಜ್ಜಿಯ ಮುಂಗೈಯ ಅದೇ ನಾಲ್ಕು ಚುಕ್ಕಿ, ಕೂಡುಗೆರೆ. ಅಜ್ಜಿಗೆ ತೋರಿಸಿದಾಗ ಅವಳು ಮೊದಲು ಕೇಳಿದ್ದು ಎಷ್ಟು ಕೊಟ್ಟೆ ಎಂದು. ಸಾವಿರದ ಲೆಕ್ಕ ಕೇಳಿ ಬೆಚ್ಚಿದಳು. ಅವಳ ಕಾಲಕ್ಕೆ ಒಂದು ಸೇರು ಅಕ್ಕಿ, ಒಂದು ಹಳೆಯ ಸೀರೆಗೆ ಮುಗಿದಿತ್ತಂತೆ. ಆಗ ನೋವಾಗಿತ್ತಾ ಎಂದು ಕೇಳಿದೆವು. ಸೂಜಿ ಅವಳಿಗೆ ನೆನಪಿಲ್ಲ; ಎದ್ದು ಓಡದಂತೆ ಭುಜ ಅಮುಕಿ ಹಿಡಿದಿದ್ದ ಅವಳ ಅವ್ವನ ಕೈ ನೆನಪಿದೆ. ಬೇಕು ಅಂತ ನೀನೇ ಹೇಳಿದ್ದಾ ಎಂದರೆ ನಕ್ಕಳು. ನಮ್ಮನ್ನು ಯಾರು ಕೇಳಿದ್ದರು ಎಂದಳು.

ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಕೇಳುವವರು ನಾವೇ, ಉತ್ತರ ಕೊಡಬೇಕಾದವರೂ ನಾವೇ. ಬೇಡ ಎನ್ನಲೂ ಇಂದು ಯಾವ ಯಮನೂ ಅಡ್ಡಬರುವುದಿಲ್ಲ. ಬೇಕು ಎಂದರೆ, ಆ ಮಾತು ಹೇಳುವ ಮೊದಲು ಸೂಜಿಯ ಪೊಟ್ಟಣ ಒಡೆಯುವ ಸದ್ದು ಕೇಳಿಸಿಕೊಳ್ಳಿ.